ಎಂಟು ಜಿಬಿ ಮಹನೀಯರಿಗೆ ಬೀಳ್ಕೊಡುಗೆ

ಸಭಾಧ್ಯಕ್ಷರಾದ ನಮ್ಮ ಧನಿಗಳೇ, ಅಕೌಂಟ್ಸ್ ವಿಭಾಗದ ಏಕೈಕ ಮುಖ್ಯಸ್ಥರೂ ಏಕೈಕ ಸಿಬ್ಬಂದಿಯೂ ಆದ ಅಕ್ಕನವರೇ, ಡಿಟಿಪಿಯ ತಮ್ಮನೇ, ಚಹಾ ತಂದು ಗ್ಲಾಸಿಗಾಗಿ ಬಾಗಿಲಲ್ಲೇ ನಿಂತಿರುವ ಹೋಟೆಲಿನ ಹುಡುಗನೇ, ಹಾಗೂ ಸ್ಟೀಲಿನ ತಟ್ಟೆಯಲ್ಲಿ ಬೆಳ್ತಿಗೆ ಅಕ್ಕಿಯ ಮೇಲೆ ಅಡ್ಡ ಮಲಗಿ ವೇದಿಕೆಯನ್ನು ಅಲಂಕರಿಸಿರುವ ಇಂದಿನ ಸನ್ಮಾನಿತರೇ,

ಸನ್ಮಾನಿತರ ಪರಿಚಯ ಮಾಡುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಉಳಿದವರೆಲ್ಲ ಕೆಲಸ ಉಂಟು ಎಂದು ಜಾರಿಕೊಂಡದ್ದರಿಂದ ಬಂತು, ಇರಲಿ. ಶ್ರೀಯುತ ಪೆನ್ ಡ್ರೈವ್‌ರವರು ಎಂಟು ಜಿಬಿ ಮನೆತನದವರು. ಇವರ ಹಿರಿಯರು 2000ದಲ್ಲಿ ಪೇಟೆಗೆ ಬಂದಾಗ ಅವರ ಹೊಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಬರೇ ಎಂಟು ಎಂಬಿ. ಅದರ ಸಾವಿರ ಪಟ್ಟು ನುಂಗುವ ನಮ್ಮವರು ಎಂದೂ ತೇಗಿದವರಲ್ಲ. ಟೋಪಿ ಬಾಲ್ಯದಲ್ಲೇ ಕಳೆದುಹೋಯಿತು. ಆದ್ದರಿಂದ ಮೈಸೂರು ಪೇಟದ ಬದಲು ಮಾರ್ಕರ್ ಪೆನ್ನಿನ ಕ್ಯಾಪು, ಶಾಲಿನ ಬದಲು ಧನಿಗಳ ಕನ್ನಡಕ ಒರೆಸುವ ಬಟ್ಟೆ. ಕುತ್ತಿಗೆ ಇಲ್ಲದವರಿಗೆ ಹಾರ ಎಲ್ಲಿಗೆ ಹಾಕುವುದೆಂಬ ಚರ್ಚೆ ಅರ್ಧ ಗಂಟೆ ನಡೆದು, ಬಾಲದ ತೂತಿಗೆ ಅರ್ಧ ಚೆಂಡು ಮಲ್ಲಿಗೆ ಕಟ್ಟುವುದೆಂದು ತೀರ್ಮಾನವಾಯಿತು. ಅಟ್ಟೆಗಟ್ಟಲೆ ತರುವ ಕಾಲ ಇದಲ್ಲ ಎಂದು ಅಕೌಂಟ್ಸ್ ವಿಭಾಗ ಮೊದಲೇ ಹೇಳಿತ್ತು.

ಇವರ ಸೇವೆ ಸಣ್ಣದಲ್ಲ ಮಾರಾಯ್ರೆ. ಇನ್ಫೋಸಿಸಿನ ಕಚೇರಿ ಇರುವ ಊರು ನಮ್ಮದು. ಮಂಗಳೂರಿನ ಇದೇ ಕೊಟ್ಟಾರದಲ್ಲಿ ಕೂತವರು ಏಳು ಸಮುದ್ರದಾಚೆಯ ಬ್ಯಾಂಕಿನ ಕಂಪ್ಯೂಟರಿಗೆ ಕೈ ಹಾಕಿ ರಿಪೇರಿ ಮಾಡಿ ಕಳಿಸುತ್ತಾರೆ. ನಮಗೆ ಮಾತ್ರ ಡಿಟಿಪಿಯ ಮೇಜಿನಿಂದ ಅಕ್ಕನ ಮೇಜಿಗೆ, ಅಂದರೆ ನಾಲ್ಕು ಅಡಿ, ಒಂದು ಮದುವೆ ಕಾಗದದ ಬಿಲ್ಲು ದಾಟಿಸಲಿಕ್ಕೆ ಆಗಲಿಲ್ಲ. ಆ ನಾಲ್ಕು ಅಡಿಯನ್ನು ದಿನಕ್ಕೆ ಮೂವತ್ತು ಸಲ ದಾಟಿದವರು ಇವರು. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲಿ ರಸ್ತೆ ಯಾವುದು ತೋಡು ಯಾವುದು ಎಂದು ಗೊತ್ತಾಗದ ದಿನ, ತಮ್ಮನ ಕಿಸೆಯಲ್ಲಿ, ಪ್ಲಾಸ್ಟಿಕ್ ತೊಟ್ಟೆಯೊಳಗೆ ಕೂತು ಪ್ರೆಸ್ಸಿಗೆ ಹೋಗಿ ಬಂದವರೂ ಇವರೇ. ಒಮ್ಮೆ ಅದೇ ಕಿಸೆಯಲ್ಲಿ ವಾಷಿಂಗ್ ಮೆಷಿನ್ನಿಗೆ ಇಳಿದು, ಎರಡು ದಿನ ಬಿಸಿಲಿಗೆ ಒಣಗಿ, ಮೂರನೇ ದಿನ ಡ್ಯೂಟಿಗೆ ಹಾಜರಾದರು. ಜೆರಾಕ್ಸ್ ಅಂಗಡಿಯಿಂದ ವೈರಸ್ ತಂದು ನಾಲ್ಕೂ ಸಿಸ್ಟಮಿಗೆ ಸಮಾನವಾಗಿ ಹಂಚಿದ್ದನ್ನು ಇಂದು ಎತ್ತಿ ಆಡುವುದು ಬೇಡ. ಈ ಆಫೀಸಿನಲ್ಲಿ ಆ ಕಾಲದಲ್ಲಿ ಹಂಚಿಕೆ ಅಂತ ಸರಿಯಾಗಿ ಆದದ್ದು ಅದೊಂದೇ.

ಈಗ ಇವರು ನಿವೃತ್ತರಾಗಬೇಕಾಗಿ ಬಂದ ಕಾರಣವನ್ನು ಸಭೆಗೆ ತಿಳಿಸಬೇಕು. ಸಿಸ್ಟಮುಗಳು ತಂತಿಯಲ್ಲೇ ಫೈಲು ಹಂಚಿಕೊಳ್ಳುವಂತೆ ಮಾಡಲು ಹೋದ ವಾರ ಸಿಸ್ಟಮ್ ರಿಪೇರಿಯ ಹುಡುಗ ಬಂದ. ಬಂದವನೇ ಪಿಂಗ್ ಮಾಡಿದ. ಪಿಂಗ್ ಎಂದರೆ ಗುಡ್ಡದ ಆಚೆ ಮನೆಗೆ ಕೂ ಹಾಕಿದ ಹಾಗೆ. ಆಚೆಯಿಂದಲೂ ಕೂ ಬಂದರೆ ಮನೆಯಲ್ಲಿ ಜನ ಉಂಟು ಎಂದಷ್ಟೇ ಅರ್ಥ, ಸಾಲ ಕೊಡುತ್ತಾರೆ ಎಂದಲ್ಲ. ಎರಡು ಸಿಸ್ಟಮ್ ಕೂ ಎಂದವು. ನನ್ನದೂ ಅಕ್ಕನದ್ದೂ ಮಾತಾಡಲಿಲ್ಲ. ನನ್ನದನ್ನು ನೋಡಿದರೆ ಅದರ ವಿಳಾಸ 169.254 ಎಂದು ಶುರುವಾಗುತ್ತಿತ್ತು. ಮನೆ ನಂಬ್ರ ಕೊಡಬೇಕಾದ ರೂಟರು ಕೈಗೆ ಸಿಗದಿದ್ದಾಗ ಕಂಪ್ಯೂಟರು ತಾನೇ ಬಾಗಿಲಿಗೆ ಗೀಚಿಕೊಳ್ಳುವ ನಂಬ್ರ ಅದು. ಮೇಜಿನಡಿ ಬಗ್ಗಿದರೆ, ಕೇಬಲ್ಲಿನ ತುದಿಯ ಪ್ಲಗ್ಗಿನ ಕಿವಿ ಮುರಿದು, ಒಮ್ಮೆ ಹಿಡಿದು ಒಮ್ಮೆ ಬಿಟ್ಟು ತೂಗಾಡುತ್ತಿತ್ತು. ಗುಡಿಸುವಾಗ ಹಿಡಿಸೂಡಿ ತಾಗಿದ್ದು. ಯಾರು ಗುಡಿಸಿದರು ಎಂಬುದು ಇಲ್ಲಿ ಅಪ್ರಸ್ತುತ.

ಅಕ್ಕನ ಸಿಸ್ಟಮಿನದ್ದು ಮನೋರೋಗ. ನೆಟ್‌ವರ್ಕ್ ಸಾರ್ವಜನಿಕವೋ ಖಾಸಗಿಯೋ ಎಂದು ಅದು ಮೊದಲ ದಿನವೇ ಕೇಳಿತ್ತು. ಏನೋ ಒಂದು ಒತ್ತಿದ್ದೆವು. ಅಂದಿನಿಂದ ಅದು ನಮ್ಮ ನಡುವೆಯೇ ಕೂತು, ತಾನು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇದ್ದೇನೆಂದು ಬ್ಯಾಗನ್ನು ಎದೆಗೆ ಒತ್ತಿಕೊಂಡಿತ್ತು. ಯಾರಿಗೂ ಮುಖ ತೋರಿಸಲಿಲ್ಲ. ಖಾಸಗಿ ಎಂದು ಬದಲಿಸಿದ ಕೂಡಲೇ ಪಟ್ಟಿಯಲ್ಲಿ ಹೆಸರು ಕಾಣಿಸಿತು. ಆದರೆ ಬಾಗಿಲು ತಟ್ಟಿದರೆ ಪಾಸ್‌ವರ್ಡ್ ಕೇಳಿತು. ಅಕ್ಕ ಪಾಸ್‌ವರ್ಡೇ ಇಟ್ಟಿರಲಿಲ್ಲ. ನಮ್ಮೊಳಗೆ ಎಂತದು ಗುಟ್ಟು ಎಂಬ ದೊಡ್ಡ ಮನಸ್ಸು. ವಿಂಡೋಸಿನ ಕಾನೂನು ಉಲ್ಟಾ: ಬೀಗ ಇಲ್ಲದ ಖಾತೆಯನ್ನು ಆ ಮೇಜಿನ ಮುಂದೆ ಕೂತವರು ಮಾತ್ರ ತೆರೆಯಬಹುದು, ಕೇಬಲ್ಲಿನಲ್ಲಿ ಬಂದವರಿಗೆ ಪ್ರವೇಶ ಇಲ್ಲ. ಧನಿಗಳ ಹೊಸ ಲ್ಯಾಪ್‌ಟಾಪಿನ ವಿಂಡೋಸ್ 11 ಇನ್ನೂ ಬಿಗಿ. ಹೆಸರು ಹೇಳದೆ ಅತಿಥಿ ಎಂದು ಒಳಗೆ ಹೋಗುವ ಹಳೆಯ ದಾರಿಯನ್ನೂ ಅದು ಮುಚ್ಚಿದೆ. ಅತಿಥಿ ದೇವೋ ಭವ ಎಂಬ ಬೋರ್ಡಿನ ಕೆಳಗೇ ಅದನ್ನು ಚಾರ್ಜಿಗೆ ಇಡುತ್ತೇವೆ, ಏನು ಮಾಡುವುದು.

ಕೊನೆಗೆ ಅಕ್ಕನ ಸಿಸ್ಟಮಿನಲ್ಲಿ ಎಲ್ಲರಿಗೂ ಸೇರಿ ಒಂದು ಖಾತೆ, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್, ಒಂದು ಫೋಲ್ಡರ್ ಆಯಿತು. ಫೋಲ್ಡರಿಗೆ ಹೆಸರು ಇಟ್ಟದ್ದು ನಾನು: ಕೊಟ್ಟಾರ. ಹಳೆಯ ಮಾತಿನಲ್ಲಿ ಕೊಟ್ಟಾರ ಎಂದರೆ ಉಗ್ರಾಣ. ಎಲ್ಲರ ಭತ್ತವೂ ಒಂದೇ ಕಡೆ. ತಮ್ಮ ಮಾತ್ರ ಅದನ್ನು ಬಾಲ ಎಳೆದು ಓದುತ್ತಾನೆ, ‘ಕೊಟ್ಟಾರಾ?’ ಎಂದು.

ಮೊದಲ ಫೈಲು ತಂತಿಯಲ್ಲೇ ಬಂದಾಗ ಚಪ್ಪಾಳೆ ತಟ್ಟಿದೆವು. ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಬಾಲ ಕೊಂಬುಗಳ ಸಂತೆ. ಡಿಟಿಪಿಯ ತಮ್ಮ ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಹೊಡೆದಿದ್ದ, ಅಕ್ಕನಲ್ಲಿ ಆ ಫಾಂಟು ಇರಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಕೀಲಿಮಣೆ ವಿನ್ಯಾಸವನ್ನು ನಾಡಿಗೆ ಕೊಟ್ಟ ಕೆ.ಪಿ. ರಾಯರ ಹೆಸರಲ್ಲಿರುವ ಕಿನ್ನಿಕಂಬಳ ಇಲ್ಲಿಂದ ಹೆಚ್ಚು ದೂರ ಇಲ್ಲ; ಅಂಥ ಸೀಮೆಯಲ್ಲಿ ಕೂತು ನಮಗೆ ಈ ಗತಿ. ಆ ಫಾಂಟನ್ನು ಅಕ್ಕನ ಸಿಸ್ಟಮಿಗೆ ಹಾಕಿಸಲು ಹೊತ್ತು ತಂದವರು ಯಾರು? ತಟ್ಟೆಯಲ್ಲಿ ಮಲಗಿದ್ದಾರೆ.

ಇನ್ನು ಮೂಲೆಯ ಎಕ್ಸ್‌ಪಿ ಅಜ್ಜ. ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟರೂ ನಾವು ಬಿಡಲಿಲ್ಲ; ಹಳೆಯ ಪ್ರಿಂಟರಿಗೆ ಆ ಅಜ್ಜನ ಮಾತು ಮಾತ್ರ ಅರ್ಥವಾಗುವುದು. ಫೈಲು ಹಂಚುವಾಗ ಅಜ್ಜ ಆಡುವುದು ಎಸ್‌ಎಂಬಿ ಒಂದು ಎಂಬ ಹಳೆಗನ್ನಡ. 2017ರ ಮೇಯಲ್ಲಿ ವಾನ್ನಾಕ್ರೈ ಎಂಬ ಮಾರಿ ಅದೇ ಭಾಷೆಯ ಸಂದಿನಲ್ಲಿ ನುಗ್ಗಿ ಲೋಕದ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ಆ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ ಈಚೆಗೆ ಹೊಸ ಸಿಸ್ಟಮುಗಳು ಆ ಮಾತನ್ನೇ ಆಡುವುದಿಲ್ಲ. ಒಂದು ಟಿಕ್ ಹಾಕಿದರೆ ಆಡುತ್ತವಲ್ಲ ಎಂದು ಧನಿಗಳು ಕೇಳಿದರು. ‘ಅಜ್ಜನಿಗೋಸ್ಕರ ಎಲ್ಲರ ಹಿಂಬಾಗಿಲು ತೆರೆದಿಡುವುದಾ?’ ಎಂದು ಹುಡುಗ ಕೈ ಮುಗಿದ. ಹೀಗಾಗಿ ಅಜ್ಜನ ಮಟ್ಟಿಗೆ ನಮ್ಮ ಸನ್ಮಾನಿತರ ಸೇವೆಯನ್ನು ಮುಂದಿನ ಆದೇಶದವರೆಗೆ ವಿಸ್ತರಿಸಲಾಗಿದೆ. ವಿದಾಯದ ದಿನವೇ ಎಕ್ಸ್‌ಟೆನ್ಶನ್ ಪಡೆಯುವುದು ಸರಕಾರಿ ನೌಕರರಿಗೂ ಸುಲಭವಿಲ್ಲ.

ಸನ್ಮಾನಿತರ ಗುಣಗಾನ ಇನ್ನೂ ಎರಡು ಪುಟ ಉಂಟು. ಕಾಗದದಲ್ಲಿ ತರಲಿಲ್ಲ, ಕೊಟ್ಟಾರದಲ್ಲಿ ಹಾಕಿದ್ದೇನೆ, ಧನಿಗಳ ಲ್ಯಾಪ್‌ಟಾಪಿನಲ್ಲಿ ತೆರೆದು ಎಲ್ಲರೆದುರು ಓದುವ ಎಂದಿದ್ದೆ. ಒಂದು ನಿಮಿಷ. ಪಟ್ಟಿಯಲ್ಲಿ ಅಕ್ಕನ ಸಿಸ್ಟಮ್ ಕಾಣುವುದಿಲ್ಲವಲ್ಲ. ಅಕ್ಕಾ, ಎದ್ದು ಬರುವಾಗ ಆಫ್ ಮಾಡಿದಿರಾ? ಮಾಡಿದಿರಿ. ಇಲ್ಲ ಇಲ್ಲ, ತಪ್ಪಲ್ಲ, ಕರೆಂಟ್ ಬಿಲ್ಲಿನ ಬಗ್ಗೆ ಸೋಮವಾರ ಧನಿಗಳೇ ಹೇಳಿದ್ದರು.

ಪರವಾಗಿಲ್ಲ, ಯಾವುದಕ್ಕೂ ಇರಲಿ ಎಂದು ನಿನ್ನೆ ಸಂಜೆ ಇನ್ನೊಂದು ಕಡೆಯೂ ಒಂದು ಪ್ರತಿ ಹಾಕಿಟ್ಟಿದ್ದೆ. ತಮ್ಮಾ, ಆ ತಟ್ಟೆ ಇತ್ತ ಕೊಡು. ಮಲ್ಲಿಗೆ ಬಿಚ್ಚುವುದು ಬೇಡ, ಸ್ವಲ್ಪ ಬದಿಗೆ ಸರಿಸು, ಒಳಗೆ ಹೋಗುತ್ತದೆ.