ಹ್ಯಾಂಡ್‌ಫಾಸ್ಟಿಂಗ್ ಗ್ರಂಥಿಮೀಮಾಂಸೆ

ವಿಷಯ

ಸ್ಕಾಟ್ಲೆಂಡಿನ ಹಲವು ಮದುವೆಗಳಲ್ಲಿ ಈಗ ಹ್ಯಾಂಡ್‌ಫಾಸ್ಟಿಂಗ್ ಎಂಬ ವಿಧಿಯುಂಟು. ವಧೂವರರು ಕೈ ಕೈ ಹಿಡಿದು ನಿಲ್ಲುತ್ತಾರೆ. ಮದುವೆ ನಡೆಸಿಕೊಡುವವರು ಆ ಕೈಗಳಿಗೆ ದಾರ ಸುತ್ತಿ ಗಂಟು ಹಾಕಿಸುತ್ತಾರೆ. ಸಂಗತಿ ಇಷ್ಟೇ. ಇಷ್ಟಕ್ಕೇ ಬಿಟ್ಟರೆ ವಿದ್ವಾಂಸರ ಹೊಟ್ಟೆಪಾಡೇನು? ಆದ್ದರಿಂದ ಗಂಟಿನ ಜಿಜ್ಞಾಸೆ ಇಲ್ಲಿಂದ ಮೊದಲಾಗುತ್ತದೆ.

ಮೊದಲು ದಾರದ ಲಕ್ಷಣ. ಉದ್ದ ಸಾಮಾನ್ಯವಾಗಿ 6ರಿಂದ 9 ಅಡಿ. ತೀರ ಕಡಿಮೆಯಾದರೆ ನಡೆಸಿಕೊಡುವವರ ಬೆರಳೂ ಒಳಗೆ ಸಿಕ್ಕಿಬಿದ್ದು ಮೂವರ ಮದುವೆಯಾಗುವ ಸಂಭವವಿದೆ. ತೀರ ಹೆಚ್ಚಾದರೆ ದಂಪತಿ ಕೊರಿಯರ್ ಪಾರ್ಸೆಲ್ಲಿನಂತೆ ಕಾಣುತ್ತಾರೆ. ಸ್ಯಾಟಿನ್ ರಿಬ್ಬನ್, ಉಣ್ಣೆ, ಮನೆತನದ ಟಾರ್ಟನ್ ಬಟ್ಟೆಯ ಪಟ್ಟಿ, ಎಲ್ಲವೂ ಗ್ರಾಹ್ಯ. ಮೂರು ಬಣ್ಣದ ಎಳೆ ಹೆಣೆದರೆ ಶ್ರೇಷ್ಠ. ಸ್ಯಾಟಿನ್ ಜಾರುತ್ತದೆ, ಅದು ದೋಷವೋ ಗುಣವೋ ಎಂಬಲ್ಲಿ ಅವಿವಾಹಿತರಿಗೂ ವಿವಾಹಿತರಿಗೂ ಮತಭೇದವಿದೆ.

ಸಂಶಯ

ಈ ದಾರ ಪ್ರಾಚೀನವೋ ಅರ್ವಾಚೀನವೋ?

ಪೂರ್ವಪಕ್ಷ

ಪ್ರಾಚೀನವೇ, ಎನ್ನುತ್ತಾನೆ ಪೂರ್ವಪಕ್ಷಿ. ಹಿಂದೆ ಜೋಡಿಗಳು ಒಂದು ವರ್ಷ ಒಂದು ದಿನದ ಮಟ್ಟಿಗೆ ಕೈಹಿಡಿದು, ಸರಿಬಂದರೆ ಉಳಿದು, ಇಲ್ಲವಾದರೆ ಬೇರೆಯಾಗುತ್ತಿದ್ದರಂತೆ. ಪ್ರಮಾಣವೇನೆಂದರೆ, 1772ರಲ್ಲಿ ಪ್ರವಾಸ ಹೊರಟ ಥಾಮಸ್ ಪೆನ್ನಂಟ್, ಎಸ್ಕ್‌ಡೇಲ್ ಸೀಮೆಯ ಜಾತ್ರೆಯಲ್ಲಿ ಹಿಂದೆ ಹೀಗೆ ಜೋಡಿ ಆರಿಸಿಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. 1820ರಲ್ಲಿ ವಾಲ್ಟರ್ ಸ್ಕಾಟ್ ಅದನ್ನು 'ದಿ ಮೊನಾಸ್ಟರಿ' ಕಾದಂಬರಿಗೆ ಎಳೆತಂದ. ಕಾದಂಬರಿಗೆ ಬಂದಮೇಲೆ ಸುಳ್ಳಾಗುವುದುಂಟೇ? 1995ರ 'ಬ್ರೇವ್‌ಹಾರ್ಟ್' ಸಿನಿಮಾದಲ್ಲಂತೂ ರಾತ್ರಿ ಹೊತ್ತು ಕೈಗೆ ಬಟ್ಟೆ ಸುತ್ತಿ ಮದುವೆ ಮಾಡಿಸಿದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಪ್ರತ್ಯಕ್ಷಕ್ಕಿಂತ ಪ್ರಮಾಣವಿಲ್ಲ. (ಇವೆಲ್ಲ ನಮ್ಮ ಮಾಂಗಲ್ಯದ ಮೂರು ಗಂಟಿನಿಂದಲೇ ಅಲ್ಲಿಗೆ ಹೋದದ್ದು ಎನ್ನುವ ಉಪಪೂರ್ವಪಕ್ಷಿಯೊಬ್ಬನಿದ್ದಾನೆ. ಅವನು ಎಲ್ಲ ವಿಷಯದಲ್ಲೂ ಇರುತ್ತಾನೆ.)

ಸಿದ್ಧಾಂತ

ಅಲ್ಲ. ಎ. ಇ. ಆಂಟನ್ ಎಂಬ ವಿದ್ವಾಂಸರು 1958ರಲ್ಲಿ 'ಸ್ಕಾಟಿಷ್ ಹಿಸ್ಟಾರಿಕಲ್ ರಿವ್ಯೂ' ಪತ್ರಿಕೆಯಲ್ಲಿ ಈ ಒಂದು ವರ್ಷದ ಕಥೆಯನ್ನು ಎಳೆಎಳೆಯಾಗಿ ಬಿಚ್ಚಿಟ್ಟರು. ಹಳೆಯ ಹ್ಯಾಂಡ್‌ಫಾಸ್ಟಿಂಗ್ ಎಂದರೆ ಕೈ ಹಿಡಿದು ಮಾತು ಕೊಡುವುದು, ಅಂದರೆ ನಿಶ್ಚಿತಾರ್ಥ. ಅಂದಿನ ಚರ್ಚ್ ಕಾನೂನಿಗೆ ಮದುವೆಯಾಗಲು ಇಬ್ಬರ ಒಪ್ಪಿಗೆಯ ಮಾತು ಸಾಕಿತ್ತು. ದಾರವನ್ನು ಯಾರೂ ಕೇಳಲಿಲ್ಲ. 1753ರ ಕಾಯ್ದೆ ಇಂಗ್ಲೆಂಡಿನಲ್ಲಿ ಬಾಯಿಮಾತಿನ ಮದುವೆಗೆ ಬಾಗಿಲು ಹಾಕಿದಾಗ, ಮನೆಯವರು ಒಪ್ಪದ ಜೋಡಿಗಳು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನಿಗೆ ಓಡಿದರು. ಅಲ್ಲಿ ಸಾಕ್ಷಿಗಳೆದುರು ಹೂಂ ಎಂದರೆ ಮದುವೆ. ಈ ಸೌಲಭ್ಯ 1940ರವರೆಗೂ ನಡೆಯಿತು. ಹುಡುಗಿಯ ಅಪ್ಪ ಹಿಂದೆಯೇ ಕುದುರೆ ಏರಿ ಬರುತ್ತಿರುವಾಗ ಮೂರೆಳೆ ದಾರ ಹೆಣೆಯುತ್ತ ಕೂರಲು ಯಾರಿಗೆ ಪುರುಸೊತ್ತು? ದಾರಕ್ಕೆ ಇಂದಿನ ಮೆರೆದಾಟ ಬಂದದ್ದು ಇಪ್ಪತ್ತನೇ ಶತಮಾನದ ಉತ್ತರಾರ್ಧದ ನವ-ಪೇಗನ್ ಪಂಥದವರಿಂದ. ಅಂದರೆ ಈ ಸನಾತನ ವಿಧಿಯ ವಯಸ್ಸು ಹೆಚ್ಚುಕಡಿಮೆ ನಮ್ಮ ನಿಮ್ಮ ಚಿಕ್ಕಪ್ಪಂದಿರಷ್ಟು.

ವರ್ಗೀಕರಣ

ಕ್ಲಿಫರ್ಡ್ ಆಶ್ಲೀ 1944ರ ತನ್ನ ಗಂಟುಗಳ ಗ್ರಂಥದಲ್ಲಿ 3,800ಕ್ಕೂ ಮೀರಿ ನಮೂದುಗಳನ್ನು ಕೊಟ್ಟಿದ್ದಾನೆ. ಮುಹೂರ್ತ ಮೀರೀತೆಂಬ ಭಯದಿಂದ ನಾವು ನಾಲ್ಕಕ್ಕೆ ನಿಲ್ಲುತ್ತೇವೆ.

ಒಂದು, ಅಗ್ರಂಥಿ. ಹಿಡಿದ ಕೈಗಳ ಮೇಲೆ ದಾರ ಹೊದಿಸುವುದು, ತೆಗೆಯುವುದು. ಗಂಟೇ ಇಲ್ಲದ್ದರಿಂದ ತಪ್ಪೂ ಇಲ್ಲ. ಸೋಮಾರಿಗಳಿಗೂ ಅದ್ವೈತಿಗಳಿಗೂ ಹಿತ.

ಎರಡು, ಅನಂತಗ್ರಂಥಿ. ಬಲಗೈಗೆ ಬಲಗೈ, ಎಡಗೈಗೆ ಎಡಗೈ ಕೊಟ್ಟು, ಅಡ್ಡಹಾಯ್ದ ಮಣಿಕಟ್ಟುಗಳ ಸುತ್ತ ಎಂಟರ ಆಕಾರದಲ್ಲಿ ದಾರ ಸುತ್ತುವುದು. ಫೋಟೋದಲ್ಲಿ ಬಲು ಚೆಂದ. ಮೂಗು ತುರಿಸಿದರೆ ಮಾತ್ರ ಇಬ್ಬರೂ ಅನಾಥರು.

ಮೂರು, ರೀಫ್ ಗಂಟು. ಬಲದ ತುದಿಯನ್ನು ಎಡದ ಮೇಲೆ ಹಾಯಿಸಿ ಒಂದು ಸುತ್ತು. ಆಮೇಲೆ ಎಡದ್ದನ್ನು ಬಲದ ಮೇಲೆ ಹಾಯಿಸಿ ಇನ್ನೊಂದು. ಎರಡು ಸಲವೂ ಬಲದ್ದೇ ಮೇಲಾದರೆ ಅದು ಗ್ರ್ಯಾನಿ ಗಂಟಾಗಿ ಸಡಿಲಗೊಳ್ಳುತ್ತದೆ. ಸರಿಯಾದ ರೀಫ್ ಗಂಟಿನಲ್ಲೂ ಒಂದು ತುದಿಯನ್ನು ಹಿಡಿದು ಹಿಮ್ಮುಖವಾಗಿ ಜಗ್ಗಿದರೆ ಇಡೀ ಗಂಟು ಮಗುಚಿ ಬಿಚ್ಚಿಕೊಳ್ಳುತ್ತದೆ. ಈ ವಾಕ್ಯಕ್ಕೆ ಭಾಷ್ಯ ಅನಗತ್ಯ.

ನಾಲ್ಕು, ಮೀನುಗಾರರ ಗಂಟು. ಇದಕ್ಕೆ ಎರಡು ದಾರ ಬೇಕು. ಒಂದರ ತುದಿಯಿಂದ ಇನ್ನೊಂದರ ಮೈಮೇಲೆ ಸಾದಾ ಗಂಟು, ಎರಡನೆಯದರ ತುದಿಯಿಂದ ಮೊದಲನೆಯದರ ಮೇಲೆ ಅಂಥದ್ದೇ ಇನ್ನೊಂದು. ಗಂಟುಗಳ ನಡುವಿನ ಜಾಗದಲ್ಲಿ ಕೈಗಳು. ಕೈ ತೆಗೆದು, ವಧು ತನ್ನ ಕಡೆಗೆ, ವರ ತನ್ನ ಕಡೆಗೆ ಎಳೆದರೆ ಎರಡು ಗಂಟುಗಳೂ ಜಾರಿಕೊಂಡು ಬಂದು ಒಂದಕ್ಕೊಂದು ಆತುಕೊಂಡು ಬಿಗಿಯುತ್ತವೆ. ಅಂದರೆ ಇಬ್ಬರೂ ವಿರುದ್ಧ ದಿಕ್ಕಿಗೆ ಎಳೆದಷ್ಟೂ ಗಂಟು ಭದ್ರ. ಸಂಸಾರ ಕಂಡವರು ಇದನ್ನು ಒಡನೆಯೇ ಒಪ್ಪುತ್ತಾರೆ.

ನಿರ್ಣಯ

ಉತ್ತಮ ವಿವಾಹಗ್ರಂಥಿಯ ಲಕ್ಷಣವೊಂದೇ: ಕೈ ಹೊರಬರಬೇಕು, ಗಂಟು ಉಳಿಯಬೇಕು. ಇದರಲ್ಲಿ ಅಧ್ಯಾತ್ಮ ಹುಡುಕುವವರು ಹುಡುಕಲಿ; ಕಾರಣ ಮಾತ್ರ ಲೌಕಿಕ. ಸ್ಕಾಟ್ಲೆಂಡಿನ ಕಾನೂನಿನಂತೆ ವಧೂವರರು, 16 ತುಂಬಿದ ಇಬ್ಬರು ಸಾಕ್ಷಿಗಳು, ಮದುವೆ ನಡೆಸಿಕೊಟ್ಟವರು ಎಲ್ಲರೂ ಮ್ಯಾರೇಜ್ ಶೆಡ್ಯೂಲ್ ಎಂಬ ಕಾಗದಕ್ಕೆ ಸಹಿ ಹಾಕಿ, ಅದನ್ನು ಮೂರು ದಿನದೊಳಗೆ ರಿಜಿಸ್ಟ್ರಾರಿಗೆ ಮುಟ್ಟಿಸಬೇಕು. ಗಂಟು ಎಷ್ಟೇ ಭದ್ರವಿರಲಿ, ಸರ್ಕಾರ ನೋಡುವುದು ರುಜುವನ್ನು. ಕೈ ಸಿಕ್ಕಿಹಾಕಿಕೊಂಡರೆ ರುಜುವಿಲ್ಲ. ರುಜುವಿಲ್ಲದಿದ್ದರೆ ಶಾಸ್ತ್ರೋಕ್ತವಾಗಿ ಬಂಧಿತರಾದ ಇಬ್ಬರು ಅವಿವಾಹಿತರು ಉಳಿಯುತ್ತಾರೆ.

ಫಲಶ್ರುತಿ

ಇದನ್ನು ಓದಿದ ವಧೂವರರಿಗೆ ಗಂಟು ಸುಲಭ. ಓದಿಸಿದ ಬೀಗರಿಗೆ ಊಟಕ್ಕೆ ಮೊದಲ ಪಂಕ್ತಿ. ಹಿಂದಿನ ರಾತ್ರಿ ಒಮ್ಮೆಯಾದರೂ ಅಭ್ಯಾಸ ಮಾಡಿದವರಿಗೆ ಕತ್ತರಿಯ ಅಗತ್ಯ ಬೀಳದು.