ಪಬ್ ಪಂಡಿತರು

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರ ಪ್ರತಿ ಗುಂಪಿಗೂ ಒಬ್ಬ ಪಬ್ ಪಂಡಿತರು ಇದ್ದೇ ಇರುತ್ತಾರೆ. ಕುಡಿಯುವುದರಲ್ಲಿ ಅವರಿಗೆ ಅಂಥ ಆಸಕ್ತಿಯೇನೂ ಇಲ್ಲ. ಅರ್ಧ ಪೈಂಟ್ ಮುಂದಿಟ್ಟುಕೊಂಡು ಎರಡು ಗಂಟೆ ಕೂರಬಲ್ಲರು. ಗ್ಲಾಸಿನ ತಳ ಕಾಣುವಷ್ಟರಲ್ಲಿ ಕೇಳುವವರ ತಾಳ್ಮೆ ತಳ ಕಂಡಿರುತ್ತದೆ. ಅವರಿಗೆ ಅಮಲೇರುವುದು ಹೇಳುವುದರಿಂದ.

ನಮ್ಮ ಪಂಡಿತರ ಮನೆ ಲೀಡ್ಸಿನಲ್ಲಿ. ಊರಿನಿಂದ ಯಾರೇ ಬರಲಿ, ಮೊದಲ ಶನಿವಾರ ಅವರನ್ನು ಕಾರಿಗೆ ತುಂಬಿಕೊಂಡು ವಿಟ್‌ಬಿಗೆ ಹೊರಡುತ್ತಾರೆ. ಯಾರ್ಕ್‌ಷೈರಿನ ಕಡಲಂಚಿನ ಈ ಊರಿನಲ್ಲಿ ನೋಡುವುದಕ್ಕೇನೂ ಬರವಿಲ್ಲ. ಕ್ಯಾಪ್ಟನ್ ಕುಕ್ ಹಡಗಿನ ಕೆಲಸ ಕಲಿತದ್ದು ಇಲ್ಲಿ. ಆಮೇಲೆ ಅವನನ್ನು ಆಸ್ಟ್ರೇಲಿಯಾದ ಪೂರ್ವ ತೀರಕ್ಕೆ ಮುಟ್ಟಿಸಿದ ಎಂಡೆವರ್ ಹಡಗನ್ನು ಕಟ್ಟಿದ್ದೂ ಇಲ್ಲೇ. 1890ರಲ್ಲಿ ರಜೆ ಕಳೆಯಲು ಬಂದ ಬ್ರಾಮ್ ಸ್ಟೋಕರ್, 1897ರ ತನ್ನ ಕಾದಂಬರಿಯಲ್ಲಿ ಡ್ರಾಕುಲಾನನ್ನು ದೊಡ್ಡ ನಾಯಿಯ ರೂಪದಲ್ಲಿ ಹಡಗಿನಿಂದ ಹಾರಿಸಿದ್ದು ಇದೇ ದಡಕ್ಕೆ. ಗುಡ್ಡದ ಮೇಲಿನ ಪಾಳು ಮಠಕ್ಕೆ ಹೋಗಲು 199 ಮೆಟ್ಟಿಲು. ಇಷ್ಟನ್ನೂ ಪಂಡಿತರು ಕಾರಿನಲ್ಲೇ ಹೇಳಿ ಮುಗಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಅವರ ಅತ್ತೆ, ಮಾವ ಬಂದಿದ್ದರು. ಅತ್ತೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಪಳಗಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಿದ್ದರು.

"ಅದೆಲ್ಲ ಟೂರಿಸ್ಟುಗಳಿಗೆ ಅತ್ತೆ," ಎಂದು ಪಂಡಿತರು ದಂಡನ್ನು ಪಬ್ಬಿನ ಕಡೆ ತಿರುಗಿಸಿದರು. ದಂಡಿನ ಬಾಲಕ್ಕೆ ನಾನೂ ಇದ್ದೆ.

ಒಳಗೆ ತಲೆಗೆ ತಾಗುವ ತೊಲೆಗಳು, ಸವೆದ ಮರದ ಬೆಂಚುಗಳು, ಗೋಡೆ ತುಂಬ ಹಳೆಯ ಹಡಗುಗಳ ಚಿತ್ರ. "ಜಾರ್ಜ್ ಆರ್ವೆಲ್ 1946ರಲ್ಲಿ ಆದರ್ಶ ಪಬ್ಬಿನ ಬಗ್ಗೆ ಬರೆದಿದ್ದಾನೆ. ಇಂಥದ್ದೇ," ಎಂದರು ಪಂಡಿತರು. ಅಂಥ ಪಬ್ಬೇ ಇಲ್ಲ ಎಂದು ಆರ್ವೆಲ್ ಅದೇ ಲೇಖನದ ಕೊನೆಗೆ ಒಪ್ಪಿಕೊಂಡಿದ್ದಾನೆ. ಪಂಡಿತರು ಅಲ್ಲಿಯವರೆಗೆ ಓದಿದಂತೆ ಕಾಣಲಿಲ್ಲ.

"ಇಲ್ಲಿ ವೇಟರ್ ಬರೋಲ್ಲ ಮಾವ. ನಾವೇ ಕೌಂಟರ್‌ಗೆ ಹೋಗಿ ಹೇಳಿ, ದುಡ್ಡು ಕೊಟ್ಟು, ನಾವೇ ತರಬೇಕು."

"ದರ್ಶಿನಿ ಅನ್ನಿ ಹಾಗಾದ್ರೆ," ಎಂದರು ಮಾವ. "ಟೋಕನ್ ಎಲ್ಲಿ?"

ಪಂಡಿತರ ಮುಖ ಸಣ್ಣಗಾಯಿತು. ಸಾಲು ಕಣ್ಣಿಗೆ ಕಾಣದಿದ್ದರೂ ಇದ್ದೇ ಇರುತ್ತದೆ, ಯಾರಾದ ಮೇಲೆ ಯಾರೆಂಬುದು ಕೌಂಟರಿಗೆ ಒರಗಿದ ಎಲ್ಲರಿಗೂ ಗೊತ್ತಿರುತ್ತದೆ, ನೋಟು ಬೀಸಬಾರದು, ಚಿಟಿಕೆ ಹೊಡೆಯಬಾರದು, ಕಣ್ಣಲ್ಲೇ ವಿಷಯ ಮುಟ್ಟಿಸಬೇಕು ಎಂದು ವಿವರಿಸಿ ತಾವೇ ಹೋಗಿ ನಿಂತರು. ಅವರು ಕಣ್ಣಲ್ಲಿ ಮುಟ್ಟಿಸುತ್ತಿರುವಾಗಲೇ ಹಿಂದಿನಿಂದ ಬಂದ ಮೂವರು ಬಾಯಲ್ಲಿ ಹೇಳಿ ತಗೊಂಡು ಹೋದರು.

ಅಂತೂ ಗ್ಲಾಸು ಬಂತು, ಜೊತೆಗೆ ಉಪನ್ಯಾಸವೂ ಬಂತು. ಇದು ನೆಲಮಾಳಿಗೆಯ ಪೀಪಾಯಿಯಲ್ಲಿ ಇನ್ನೂ ಹುದುಗುತ್ತಿರುವ ಏಲ್ ಎಂಬ ಬಿಯರ್. ಹಿಡಿಕೆ ಜಗ್ಗಿ ಕೈಯಿಂದಲೇ ಮೇಲೆತ್ತಬೇಕು. 12 ಡಿಗ್ರಿ ಆಸುಪಾಸಿನಲ್ಲಿರಬೇಕು, ಐಸಿನಷ್ಟು ತಣ್ಣಗಾದರೆ ರುಚಿ ಸತ್ತಿತು. ದೊಡ್ಡ ಕಂಪನಿಗಳು ಇದನ್ನು ಮುಗಿಸುವುದರಲ್ಲಿದ್ದವು. 1971ರಲ್ಲಿ ನಾಲ್ವರು ಗೆಳೆಯರು ಕ್ಯಾಮ್ರಾ ಎಂಬ ಸಂಘ ಕಟ್ಟಿ ಹೋರಾಟಕ್ಕಿಳಿದರು. ಪೈಂಟ್ ಎಂದರೆ 568 ಮಿಲಿ. ನಳಿಕೆಯ ತುದಿಗೆ ಸಣ್ಣ ತೂತುಗಳ ಮೂತಿ ಸಿಕ್ಕಿಸಿದರೆ ದಪ್ಪ ನೊರೆ ಬರುತ್ತದೆ. ಉತ್ತರ ಇಂಗ್ಲೆಂಡಿನವರಿಗೆ ಅದು ಬೇಕೇ ಬೇಕು, ದಕ್ಷಿಣದವರಿಗೆ ಬೇಡವೇ ಬೇಡ.

"ನೊರೆಗೂ ದುಡ್ಡು ತಗೋತಾರಾ?" ಎಂದು ಮಾವ ಕೇಳಿದರು. ಇದೇ ಪ್ರಶ್ನೆಯ ಮೇಲೆ ಇಂಗ್ಲಿಷರೂ ಎಷ್ಟೋ ಕಾಲದಿಂದ ಜಗಳವಾಡುತ್ತಿದ್ದಾರೆ ಎಂದು ಪಂಡಿತರು ಹೇಳಲಿಲ್ಲ. ಅದು ಅವರ ಪ್ರಶ್ನೆಯಾಗಬೇಕಿತ್ತು.

ಅವರು ಹೇಳದ ಸಂಗತಿ ಇನ್ನೂ ಒಂದಿದೆ. ಪಂಡಿತರು ಕಟ್ಟಾ ಸಸ್ಯಾಹಾರಿ. ಯಾರ್ಕ್‌ಷೈರಿನಲ್ಲಿ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ಪದ್ಧತಿ. ಹಾಗಾಗಿ ಕರಿದದ್ದು ಯಾವುದರಲ್ಲಿ ಎಂದು ವಿಚಾರಿಸದೆ ಅವರು ಒಂದು ಚೂರೂ ಬಾಯಿಗಿಡುವವರಲ್ಲ. ಆದರೆ ಪೀಪಾಯಿಯ ಏಲನ್ನು ತಿಳಿ ಮಾಡಲು ಸಂಪ್ರದಾಯದಂತೆ ಹಾಕುತ್ತ ಬಂದಿರುವುದು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್. ಇಷ್ಟೆಲ್ಲ ಓದಿದವರಿಗೆ ಇದೊಂದು ಪುಟ ಮಾತ್ರ ಹೇಗೋ ಅಂಟಿಕೊಂಡುಬಿಟ್ಟಿದೆ. ಬಿಡಿಸಲು ಅವರು ಹೋಗಿಲ್ಲ, ನಾವೂ ಹೋಗಿಲ್ಲ.

ಪಂಡಿತರಿಗೆ ಬದುಕಿನಲ್ಲಿ ಒಂದೇ ಆಸೆ ಉಳಿದಿದೆ. ತಾವು ಬಾಗಿಲು ದಾಟಿದೊಡನೆ ಕೌಂಟರಿನವನು ತಲೆ ಎತ್ತಿ, "ಯೂಶುವಲ್?" ಎನ್ನಬೇಕು. ಆದರೆ ಪ್ರವಾಸಿಗಳ ಊರಲ್ಲವೇ, ಕೌಂಟರಿನ ಹಿಂದೆ ಪ್ರತಿ ಸಲವೂ ರಜೆಗೆ ಕೆಲಸಕ್ಕೆ ಸೇರಿದ ಹೊಸ ಹುಡುಗನೋ ಹುಡುಗಿಯೋ. ನಗುನಗುತ್ತ ಕೇಳುವುದು, "ಹಾಲಿಡೇಗೆ ಬಂದಿದ್ದೀರಾ?" ಆ ಕ್ಷಣಕ್ಕೆ ಪಂಡಿತರ ಮುಖ ನೋಡಬಾರದು.

ಆವತ್ತು ಮೂಲೆಯಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು, ಕಾಲ ಬುಡದಲ್ಲಿ ಕರಿ ನಾಯಿಯೊಂದನ್ನು ಮಲಗಿಸಿಕೊಂಡು ಕೂತಿದ್ದರು.

"ನೋಡಿ," ಪಂಡಿತರು ದನಿ ತಗ್ಗಿಸಿದರು. "ಇಂಥವರೇ ಪಬ್ಬಿನ ಜೀವ. ಮೀನುಗಾರರ ವಂಶ. ಆ ಕುರ್ಚಿ ಅವರದೇ, ಬೇರೆ ಯಾರೂ ಕೂರೋಹಾಗಿಲ್ಲ. ಸಮುದ್ರ ನೋಡಿ ನೋಡಿ ಕಣ್ಣು ಹೇಗೆ ಕಿರಿದಾಗಿದೆ! ನಾವಾಗಿ ಮಾತಾಡಿಸಬಾರದು."

"ನಾಯಿ ನೀವು ಕಾರಲ್ಲಿ ಹೇಳಿದ್ದು ಅಲ್ಲ ತಾನೇ?" ಎಂದರು ಅತ್ತೆ. ಅಲ್ಲವೆಂದು ಖಾತ್ರಿಯಾದ ಮೇಲೆ ಬ್ಯಾಗಿನಿಂದ ಕೋಡುಬಳೆ ಪೊಟ್ಟಣ ತೆಗೆದರು. ಹೊರಗಿನ ತಿಂಡಿ ತೆಗೆಯುವುದು ಎಷ್ಟು ದೊಡ್ಡ ಅಪಚಾರವೆಂದು ಪಂಡಿತರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೂಲೆಗೆ ಹೋಗಿ ಮುದುಕರ ಕೈಗೊಂದು ಕೊಟ್ಟು, "ವಿಚ್ ಪ್ಲೇಸ್ ಯೂ?" ಎಂದು ಕೇಳಿಯಾಗಿತ್ತು.

"ಬರ್ಮಿಂಗ್‌ಹ್ಯಾಮ್," ಎಂದರು ಮುದುಕರು. ಕಡಲಿನ ಗಾಳಿಯೂ ತಲುಪದ ಊರು. ಬಸ್ ಡ್ರೈವರಾಗಿದ್ದು ನಿವೃತ್ತರಾದವರು, ಕ್ಯಾರವಾನಿನಲ್ಲಿ ನಿನ್ನೆ ರಾತ್ರಿ ಬಂದಿಳಿದಿದ್ದಾರೆ, ಈ ಪಬ್ಬಿಗೆ ಇದೇ ಮೊದಲು. ಕುರ್ಚಿ ಖಾಲಿ ಇತ್ತು, ಕೂತರು. ಕೋಡುಬಳೆಯ ಖಾರಕ್ಕೆ ಅವರ ಕಿರುಗಣ್ಣು ಇನ್ನಷ್ಟು ಕಿರಿದಾಯಿತು.

ಪಂಡಿತರು ಗ್ಲಾಸಿನ ನೊರೆಯನ್ನು ದಿಟ್ಟಿಸುತ್ತ ಕೂತರು. ಆಗ ಮುದುಕರು ಎದ್ದು ನೇರ ಅವರ ಬಳಿಗೇ ಬಂದು ವಿನಯದಿಂದ ಹೇಳಿದರು: "ಆಗಿನಿಂದ ನೋಡ್ತಾ ಇದ್ದೀನಿ. ಮಾತು ಅರ್ಥವಾಗದಿದ್ದರೂ ಗೊತ್ತಾಗುತ್ತೆ, ನೀವು ಇಲ್ಲಿಯ ಖಾಯಂ ಗಿರಾಕಿ. ಟಾಯ್ಲೆಟ್ ಎಲ್ಲಿ?"

ಪಂಡಿತರ ಬೆನ್ನು ನೆಟ್ಟಗಾಯಿತು. ತಲೆಯನ್ನೂ ತಿರುಗಿಸದೆ, ಹಳಬರು ತೋರಿಸುವ ಹಾಗೆ ಹೆಬ್ಬೆರಳನ್ನು ಹೆಗಲ ಹಿಂದಕ್ಕೆ ಮಾಡಿ, "ಮೂರು ಮೆಟ್ಟಿಲು ಹತ್ತಿ ಎಡಕ್ಕೆ," ಎಂದರು. ಮುದುಕರು ಹೋದರು. ಒಳಗೆಲ್ಲೋ ಪಾತ್ರೆ ಬಿದ್ದ ಸದ್ದು, ಹೆಂಗಸೊಬ್ಬಳ ಚೀರು. ಮುದುಕರು ಅಷ್ಟೇ ವಿನಯದಿಂದ ವಾಪಸು ಬಂದರು.

"ಅದು ಅಡುಗೆಮನೆ," ಎಂದರು.

ಪಂಡಿತರು ನಿಧಾನವಾಗಿ ಒಂದು ಗುಟುಕು ಹೀರಿ, ಬೇಸರದಿಂದ ತಲೆಯಾಡಿಸಿದರು. "ಎಲ್ಲಾ ಬದಲಾಯಿಸಿಬಿಟ್ಟಿದ್ದಾರೆ. ಈ ಟೂರಿಸ್ಟುಗಳ ಕಾಟ."