ಹಿಡಿಸಿದಷ್ಟು ನೀರು

ಜೋಳದ ರೊಟ್ಟಿಯಲ್ಲಿ ನನಗೆ 18 ವರ್ಷದ ಅನುಭವವಿದೆ. ತಿನ್ನುವುದರಲ್ಲಿ. ಮೈಸೂರಿನವನಾದ ನಾನು ಧಾರವಾಡದ ಕಡೆಯ ಹುಡುಗಿಯನ್ನು ಮದುವೆಯಾದ ದಿನದಿಂದ ಈ ಸಾಧನೆ ನಡೆದಿದೆ. ಇಷ್ಟು ತಿಂದವನಿಗೆ ಬಡಿಯೋದು ಯಾವ ಮಹಾ ಅಂತ ಒಂದು ಭಾನುವಾರ ಅನ್ನಿಸಿತು. ಮೂವತ್ತು ವರ್ಷ ಬಸ್ಸಿನ ಕಿಟಕಿ ಸೀಟಲ್ಲಿ ಕೂತವನಿಗೆ ಒಂದು ದಿನ ಡ್ರೈವರ್ ಸೀಟಿನ ಮೇಲೆ ಕಣ್ಣು ಬೀಳುತ್ತದಲ್ಲ, ಹಾಗೆ. ಸಾಲದ್ದಕ್ಕೆ ಹಿಂದಿನ ರಾತ್ರಿ ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿ ಮುಗಿಸಿದ್ದೆ. ಹನ್ನೊಂದರಲ್ಲೂ ರೊಟ್ಟಿ ಉಬ್ಬಿತ್ತು.

ಮನೆಗೆ ಬಂದಿದ್ದ ಅತ್ತೆಗೆ ವಿಷಯ ಹೇಳಿದರೆ ಅವರು ಸೆರಗು ಬಾಯಿಗೆ ಹಿಡಿದರು. "ಅಳಿಯಂದ್ರು ಒಲಿ ಮುಂದ ನಿಂತ್ರ ಮಂದಿ ಏನಂದಾರ್ರೀ?" ಮಂದಿ ಯಾರೂ ಇರಲಿಲ್ಲ. ಇದ್ದವಳು ಅವರ ಮಗಳು, ಅವಳಾಗಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು.

"ಅತ್ತೆ, ನೀರು ಎಷ್ಟು ಹಾಕ್ಬೇಕು?"

"ಹಿಡಿಸಿದಷ್ಟು ಹಾಕ್ರಿ."

"ಎಷ್ಟು ಹೊತ್ತು ನಾದಬೇಕು?"

"ಹದಕ್ಕ ಬರೂತನಕ."

ಪಾಠ ಮುಗಿಯಿತು. ಇನ್ನು ಪರೀಕ್ಷೆ.

ವಕ್ರ ರೊಟ್ಟಿಯನ್ನು ಭಾರತದ ಭೂಪಟಕ್ಕೆ ಹೋಲಿಸುವ ಹಳೇ ಹಾಸ್ಯ ನನಗೆ ಒದಗಲಿಲ್ಲ, ಯಾಕೆಂದರೆ ಭೂಪಟಕ್ಕೆ ಒಂದೇ ತುಂಡಾಗಿರುವ ಯೋಗ್ಯತೆಯಾದರೂ ಬೇಕು. ನನ್ನದು ಹಂಚಿಗೆ ಹೋಗುವ ದಾರಿಯಲ್ಲೇ 1956ಕ್ಕೆ ಮುಂಚಿನ ಕನ್ನಡನಾಡಾಯಿತು: ಮುಂಬಯಿಗೆ ಒಂದು ತುಂಡು, ಹೈದರಾಬಾದಿಗೆ ಒಂದು, ಮದರಾಸಿಗೆ ಒಂದು, ಕೈಯಲ್ಲಿ ಮೈಸೂರು, ಕಾಲ ಮೇಲೆ ಕೊಡಗು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಿಟ್ಟು ಹಳೇದು ಅಂದೆ. ನಿಜ ಹೇಳಬೇಕೆಂದರೆ ಹಳೇ ಹಿಟ್ಟಿನಲ್ಲಿ ಜಿಗಿ ಕಡಿಮೆಯೇ. ಆದರೆ ಅದೇ ಡಬ್ಬಿಯ ಹಿಟ್ಟಿನಲ್ಲಿ ಅತ್ತೆ ಆಗಲೇ ಆರು ರೊಟ್ಟಿ ಬಡಿದು ಬುಟ್ಟಿಗೆ ಹಾಕಿದ್ದರು.

ತಪ್ಪು ನೀರಿನದು. ಗೋಧಿಗೆ ಗ್ಲುಟನ್ ಅನ್ನುವ ಅಂಟಿದೆ, ಎಳೆದರೆ ಹಿಗ್ಗುತ್ತದೆ. ಜೋಳಕ್ಕೆ ಅದಿಲ್ಲ. ಅದಕ್ಕೇ ಕುದಿಯುವ ಎಸರು ಸುರಿಯಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಟು ಬಿಡುತ್ತದೆ, ಆ ಜಿಗಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ನಾನು ಕೈ ಸುಟ್ಟೀತೆಂದು ನೀರನ್ನು ಸ್ನಾನದ ಹದಕ್ಕೆ ಆರಿಸಿ ಹಾಕಿದ್ದೆ. ಇದನ್ನು ಹನ್ನೊಂದು ವಿಡಿಯೋಗಳೂ ಹೇಳಿದ್ದವು, ನಾನೂ ಕೇಳಿದ್ದೆ. ಕೇಳಿದ್ದು ಕಿವಿ. ಕೈಗೆ ಯಾರೂ ತಿಳಿಸಿರಲಿಲ್ಲ.

ಹತ್ತು ಸಾವಿರ ಗಂಟೆ ಸಾಧನೆ ಮಾಡಿದರೆ ಯಾವ ವಿದ್ಯೆಯಾದರೂ ಒಲಿಯುತ್ತದೆ ಅಂತ ಆಫೀಸಿನ ತರಬೇತಿಗಳಲ್ಲಿ ಟೈ ಕಟ್ಟಿಕೊಂಡವರು ಹೇಳುತ್ತಾರಲ್ಲ, ಅದು ನೆನಪಾಗಿ ಲೆಕ್ಕ ಹಾಕಿದೆ. ರೊಟ್ಟಿಗೆ ಮೂರು ನಿಮಿಷ ಅಂದರೂ 2 ಲಕ್ಷ ರೊಟ್ಟಿ. ಅತ್ತೆ ದಿನಕ್ಕೆ ಇಪ್ಪತ್ತರಂತೆ ನಲವತ್ತು ವರ್ಷ ಬಡಿದಿದ್ದಾರೆ: 2,92,000. ಪಾಸು, ಅದೂ ರ‍್ಯಾಂಕಿನಲ್ಲಿ. ಆದರೆ ಅದೇ ಲೆಕ್ಕದಲ್ಲಿ ಓಣಿಗೊಬ್ಬರಂತೆ ಸಿಗುವ, ಐವತ್ತು ವರ್ಷದಿಂದ ರಸ್ತೆಯ ನಡುವೆಯೇ ಸ್ಕೂಟರ್ ಓಡಿಸುತ್ತಿರುವ ಮಹನೀಯರೂ ಪಾಸಾಗಬೇಕಲ್ಲ? ಈ ಹತ್ತು ಸಾವಿರವನ್ನು ಮನೆಮಾತು ಮಾಡಿದ್ದು ಮಾಲ್ಕಮ್ ಗ್ಲಾಡ್‌ವೆಲ್, 2008ರ ಪುಸ್ತಕದಲ್ಲಿ. ಮೂಲ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರದು. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ವಿಚಾರಿಸಿ 1993ರಲ್ಲಿ ಬರೆದದ್ದು. ಎರಿಕ್ಸನ್ ಆಮೇಲೆ ಗೊಣಗಿದರು: ಅದು ಬರೀ ಸರಾಸರಿ ಕಣಯ್ಯಾ, ಗಂಟೆ ಎಣಿಸಿ ಅಂತ ನಾನೆಲ್ಲಿ ಹೇಳಿದೆ, ಎಲ್ಲಿ ತಪ್ಪುತ್ತಿದೆಯೋ ಅಲ್ಲೇ ಕೂತು ತಿದ್ದುವ ಅಭ್ಯಾಸದ ಮಾತು ನನ್ನದು ಅಂತ. (ಕಣಯ್ಯಾ ನನ್ನ ಸೇರಿಕೆ.)

ಅತ್ತೆ ಎರಿಕ್ಸನ್ನನ್ನು ಓದಿಲ್ಲ. ಆದರೆ ಮರುದಿನ ನನ್ನ ಕೈಯಿಂದ ಹಂಚು ಕಿತ್ತುಕೊಂಡರು. "ಬೇಯಿಸೂದು ಬ್ಯಾಡ, ಬರೇ ಬಡೀರಿ." ಒಂದೇ ಉಂಡೆ. ಬಡಿ, ಮುದ್ದೆ ಮಾಡು, ನಾದು, ಮತ್ತೆ ಬಡಿ. ನಾಲ್ಕು ದಿನ ಅದೇ ಉಂಡೆಯ ಮೊಮ್ಮಕ್ಕಳು. ನಾನು ಬೆರಳ ತುದಿಯಿಂದ, ಹಾಲಿನವನು ಬಾಗಿಲು ತಟ್ಟಿದ ಹಾಗೆ ತಟ್ಟುತ್ತಿದ್ದೆ. ಬೀಳಬೇಕಾದ್ದು ಅಂಗೈ, ಅದೂ ನಡುವಿನಿಂದ ಅಂಚಿಗೆ ಜರುಗುತ್ತಾ. ಹಾಗೆ ಬಿದ್ದರೆ ರೊಟ್ಟಿ ಏಟಿಗಿಷ್ಟು ಅಂತ ತಾನಾಗಿಯೇ ತಿರುಗುತ್ತದೆ. ಮೂರನೆಯ ದಿನ ಅದು ತಿರುಗಿದಾಗ ನಾನು ಗಾಬರಿಯಾಗಿ ಕೈ ತೆಗೆದೆ.

ಇದಕ್ಕಿಂತ ಗಾಬರಿಯಾದದ್ದು ಐದನೆಯ ದಿನ. ಅತ್ತೆ ಹೊರಗೆ ಹಾಲಿನಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಅಲ್ಲಿಂದಲೇ ಕೂಗಿದರು: "ಬಲಕ್ಕ ದಪ್ಪ ಉಳೀತು ನೋಡ್ರಿ!" ಮುಟ್ಟಿ ನೋಡಿದೆ, ಉಳಿದಿತ್ತು. ಬರೀ ಸದ್ದಿನಲ್ಲಿ ಕಂಡುಹಿಡಿದಿದ್ದರು. ಆಮೇಲೆ ನಾನೂ ಕಿವಿಗೊಟ್ಟೆ. ದಪ್ಪಗಿರುವ ಕಡೆ 'ದಬ್', ತೆಳ್ಳಗಾದ ಕಡೆ 'ಪಟ್'. ಇಷ್ಟೂ ದಿನ ಆ ಸದ್ದು ಇದ್ದೇ ಇತ್ತು.

ಒಂಬತ್ತನೆಯ ದಿನ ಹಂಚು ವಾಪಸು ಸಿಕ್ಕಿತು. ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರಿದೆ, ನೀರು ಆರುವಾಗ ಮಗುಚಿದೆ, ರೊಟ್ಟಿ ಒಂದು ಕಡೆ ಉಸಿರೆಳೆದು ಪೂರ್ತಿ ಉಬ್ಬಿತು. ಮನೆಯಲ್ಲಿ ಕರೆಂಟು ಬಂದಷ್ಟು ಸಂತೋಷವಾಯಿತು. ಅತ್ತೆ ಅದನ್ನು ಬುಟ್ಟಿಗೆ ಹಾಕಿ, "ಇನ್ನಾ ಹತ್ತೊಂಬತ್ತದಾವ್ರಿ" ಅಂದರು.

ಸೇಡು ತೀರಿಸಿಕೊಳ್ಳುವ ಯೋಗ ಮರುವಾರ ಬಂತು. ಅತ್ತೆಗೆ ನಮ್ಮ ರಾಗಿ ಮುದ್ದೆ ಕಲಿಯುವ ಹುಕಿ. ಎರಡು ಲಕ್ಷದ ತೊಂಬತ್ತೆರಡು ಸಾವಿರದ ಒಡತಿ ಕುದಿಯುವ ನೀರಿಗೆ ಹಿಟ್ಟು ಸುರಿದ ಮರುಗಳಿಗೆಯೇ ಕೋಲು ಆಡಿಸಿಬಿಟ್ಟರು. ಪಾತ್ರೆ ತುಂಬ ಗೋಲಿಯಂಥ ಗಂಟುಗಳು, ಒಡೆದರೆ ಒಳಗೆ ಒಣಹಿಟ್ಟು. ಹಾಸ್ಟೆಲಿನ ಕಾಲದಿಂದ ಮುದ್ದೆ ತೊಳಸಿದ ಕೈ ನನ್ನದು. ಬೀಗುತ್ತಾ ಪಕ್ಕದಲ್ಲಿ ನಿಂತೆ.

"ಅಲ್ರೀ, ಹಿಟ್ಟು ಹಾಕಿದ ಮ್ಯಾಲೆ ಎಷ್ಟ್ ಹೊತ್ತು ಬಿಡ್ಬೇಕು?" ಅಂದರು ಅತ್ತೆ, ಮುಖದ ಬೆವರು ಒರೆಸಿಕೊಳ್ಳುತ್ತಾ.

ನಾನು ಬಾಯಿ ತೆರೆದೆ. ಎಷ್ಟು ಹೊತ್ತು? ಎರಡು ನಿಮಿಷವೋ, ಐದೋ? ಎಂದಾದರೂ ನೋಡಿದ್ದರಲ್ಲವೇ.

"ಅದು... ಬೇಯೋ ತನಕ ಅತ್ತೆ."

ಕುರ್ಚಿ ಎಳೆದುಕೊಂಡು ಕೂತಿದ್ದವಳು ಎದ್ದು ಹೋಟೆಲಿಗೆ ಫೋನು ಮಾಡಿದಳು.